ಬಾಳೆಯೆಲೆಯ ಬೇನೆ ಮತ್ತು ಅದರ ಮದ್ದು

ಬಾಳೆಯಿಲ್ಲದ ಮಂಗಳಕಾರ್ಯ ಕನ್ನಡಿಗರ ಮನೆಯಲ್ಲಿ ನಡೆಯುವುದುಂಟೆ? ಬಾಗಿಲಿಗೆ ಕಂಬ, ಪಂಕ್ತಿಗೆ ಎಲೆ, ತಾಂಬೂಲಕ್ಕೆ ಹಣ್ಣು, ಪಲ್ಯಕ್ಕೆ ಹೂವು ಮತ್ತು ದಿಂಡು, ಹೂ ಕಟ್ಟಲು ನಾರು. ಹೀಗೆ ಬುಡದಿಂದ ತುದಿಯವರೆಗೆ ಏನೂ ವ್ಯರ್ಥವಾಗದ ಗಿಡ ಅದು. ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿದ ನಮ್ಮವರು ಗೌರಿಹಬ್ಬದ ಹಿಂದಿನ ಸಂಜೆ ಎಲೆಯ ಕಟ್ಟಿಗಾಗಿ ಪೇಟೆಯೆಲ್ಲ ಅಲೆಯುವುದನ್ನು ವಾಚಕರು ಬಲ್ಲರು. ಆದರೆ ಈ ಲೇಖನದ ವಿಷಯ ನಾವು ಉಣ್ಣುವ ಎಲೆಯಲ್ಲ. ಗಿಡ ತಾನು ಉಣ್ಣುವುದಕ್ಕಾಗಿ ಇಟ್ಟುಕೊಂಡ ಎಲೆ. ನಮಗೆ ಅದು ಊಟದ ತಟ್ಟೆಯಾದರೆ ಗಿಡಕ್ಕೆ ಅದೇ ಅಡಿಗೆಮನೆ. ಬಿಸಿಲು, ಗಾಳಿ, ನೀರುಗಳಿಂದ ಗೊನೆಗೆ ಬೇಕಾದ ಪಿಷ್ಟ ತಯಾರಾಗುವುದು ಅಲ್ಲಿಯೇ. ಆ ಅಡಿಗೆಮನೆಗೆ ಬೂಷ್ಟು ಹಿಡಿದರೆ ಏನಾದೀತು ಎಂಬುದನ್ನು ಹೇಳಬೇಕಾಗಿಲ್ಲ.

ಪ್ರಪಂಚದಲ್ಲಿ ಅತ್ಯಂತ ಹೆಚ್ಚು ಬಾಳೆ ಬೆಳೆಯುವ ದೇಶ ನಮ್ಮದು. ಲೋಕದ ಒಟ್ಟು ಬೆಳೆಯಲ್ಲಿ ಸುಮಾರು ಕಾಲುಭಾಗ ಇಲ್ಲಿಯದೇ. ನಮ್ಮ ಸಂಘದ ಕುಟುಂಬಗಳಲ್ಲಿ ಅನೇಕರಿಗೆ ಊರಿನಲ್ಲಿ ಎಕರೆಯೋ ಎರಡೆಕರೆಯೋ ಜಮೀನುಂಟು. ಅದನ್ನು ಅಣ್ಣನೋ ತಮ್ಮನೋ ಭಾವನೋ ನೋಡಿಕೊಳ್ಳುತ್ತಿರುತ್ತಾರೆ. ಅಂಗಾಂಶ ಕೃಷಿಯ ಸಸಿ, ಹನಿ ನೀರಾವರಿಯ ಕೊಳವೆ, ಗೊಬ್ಬರ, ಗೊನೆಗೆ ಆಸರೆಯ ಗೂಟ, ಆಳಿನ ಕೂಲಿ ಎಲ್ಲಕ್ಕೂ ಹಣ ಮೊದಲೇ ಸುರಿಯಬೇಕು. ಮೊದಲನೆಯ ರೂಪಾಯಿ ಕೈಗೆ ಬರಲು ಹನ್ನೊಂದು ಹನ್ನೆರಡು ತಿಂಗಳು ಕಾಯಬೇಕು. ಇಂಥ ಬೆಳೆಯ ಎಲೆ ಎಂಟನೆಯ ತಿಂಗಳಿನಲ್ಲಿ ಸುಟ್ಟಂತಾದರೆ ಆ ಮನೆಯ ಸಾಲ, ಮದುವೆ, ಮಕ್ಕಳ ಓದು ಎಲ್ಲವೂ ಅದರೊಡನೆ ಅಲುಗಾಡುತ್ತವೆ. ಈಗಂತೂ ದೂರವಾಣಿಯಲ್ಲಿ ಎಲೆಯ ಚಿತ್ರ ಮರುಗಳಿಗೆಯೇ ನಮ್ಮ ಕೈಗೆ ಬರುತ್ತದೆ. "ಇದಕ್ಕೇನು ಹೊಡೀಬೇಕು, ಅಲ್ಲಿ ಯಾರನ್ನಾದರೂ ಕೇಳಿ ಹೇಳು" ಎಂಬ ಮಾತೂ ಜೊತೆಗೆ ಬರುತ್ತದೆ. ಅಂಥ ಮಾತಿಗೆ ಉತ್ತರ ಹೇಳಬೇಕಾದವರಿಗೆ ಉಪಯೋಗವಾಗಲೆಂದು ನಾವು ಓದಿ, ಕೇಳಿ, ಕಂಡು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇವೆ.

ಗುರುತು ಹಿಡಿಯುವ ಬಗೆ

ಬಾಳೆಯ ಎಲೆ ಒಣಗಿದೊಡನೆ ಎಲ್ಲವೂ ಒಂದೇ ರೋಗವೆಂದು ತಿಳಿಯಬಾರದು. ನಾವು ಹೇಳಹೊರಟ ಎಲೆಚುಕ್ಕೆ ರೋಗಕ್ಕೆ ಸಿಗಟೋಕ ಎಂದು ಹೆಸರು. ಮೊದಲು ಎಲೆಯ ನರಗಳಿಗೆ ಸಮಾನಾಂತರವಾಗಿ ಒಂದೆರಡು ಮಿಲಿಮೀಟರು ಉದ್ದದ ತೆಳುಹಳದಿ ಅಥವಾ ಕಂದು ಗೀರುಗಳು ಕಾಣುತ್ತವೆ. ಸೂಜಿಯಿಂದ ಗೀರಿದಂತಿರುವ ಅವನ್ನು ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಬರಬರುತ್ತ ಗೀರು ಉದ್ದವಾಗಿ, ಅಗಲವಾಗಿ, ಕದಿರಿನ ಆಕಾರದ ಚುಕ್ಕೆಯಾಗುತ್ತದೆ. ಚುಕ್ಕೆಯ ನಡುವೆ ಬೂದುಬಣ್ಣ, ಅಂಚಿಗೆ ಕಪ್ಪುಗೆರೆ, ಅದರ ಸುತ್ತ ಹಳದಿಯ ಪ್ರಭೆ. ಇದು ಪಕ್ಕಾ ಗುರುತು. ಕಡೆಗೆ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಎಲೆಯ ಅರ್ಧವೋ ಮುಕ್ಕಾಲೋ ಒಣಗಿ ಬೆಂಕಿಯ ಝಳ ತಗುಲಿದಂತೆ ಜೋಲುತ್ತದೆ.

ಇದರ ಜೊತೆ ಗೊಂದಲವಾಗುವ ಬೇನೆಗಳು ಕೆಲವುಂಟು. ಅಂಚಿನಿಂದ ಹಳದಿಯಾದ ಹಳೆಯ ಎಲೆಗಳು ತೊಟ್ಟಿನ ಬಳಿ ಮುರಿದು ಕಾಂಡದ ಸುತ್ತ ಲಂಗದಂತೆ ಇಳಿಬಿದ್ದರೆ, ಕಾಂಡವನ್ನು ಕೊಯ್ದಾಗ ಒಳಗೆ ಕೆಂಗಂದು ಬಣ್ಣದ ಎಳೆಗಳು ಕಂಡರೆ, ಅದು ಪನಾಮಾ ಸೊರಗು ರೋಗ. ನಂಜನಗೂಡಿನ ರಸಬಾಳೆಯನ್ನು ಅಪರೂಪದ ವಸ್ತುವನ್ನಾಗಿ ಮಾಡಿದ್ದು ಇದೇ. ಮಣ್ಣಿನಿಂದ ಬೇರಿನೊಳಗೆ ಹೊಗುವ ಆ ರೋಗಕ್ಕೆ ಎಲೆಯ ಮೇಲೆ ಏನನ್ನು ಸಿಂಪಡಿಸಿದರೂ ಪ್ರಯೋಜನವಿಲ್ಲ. ಹೊಸ ಎಲೆಗಳು ಕಿರಿದಾಗಿ ನೆಟ್ಟಗೆ ನಿಂತು ತುದಿಯಲ್ಲಿ ಗೊಂಚಲುಗಟ್ಟಿದರೆ ಅದು ಗೊಂಚಲುತಲೆ ರೋಗ. ಹೇನಿನಿಂದ ಹರಡುವ ವೈರಸ್ಸಿನದು. ಅಂಥ ಗಿಡವನ್ನು ಗೆಡ್ಡೆಸಹಿತ ಕಿತ್ತುಹಾಕುವುದೊಂದೇ ದಾರಿ. ಚುಕ್ಕೆಯಿಲ್ಲದೆ ಹಳೆಯ ಎಲೆಗಳ ಅಂಚು ಮಾತ್ರ ಕಿತ್ತಳೆಹಳದಿಗೆ ತಿರುಗಿದರೆ ಪೊಟ್ಯಾಷಿನ ಕೊರತೆಯನ್ನು ಸಂಶಯಿಸಬೇಕು. ಆದುದರಿಂದ ಊರಿನಿಂದ ಚಿತ್ರ ತರಿಸುವಾಗ ಇಡೀ ಗಿಡದ್ದೊಂದು, ಒಂದೇ ಎಲೆಯ ಮೇಲ್ಮೈ ಮತ್ತು ಕೆಳಮೈಯದು ಒಂದೊಂದು, ಚುಕ್ಕೆಯನ್ನು ಹತ್ತಿರದಿಂದ ತೆಗೆದದ್ದೊಂದು, ಹೀಗೆ ನಾಲ್ಕು ಚಿತ್ರ ಕೇಳಬೇಕು. ಬರಿಯ ಒಣಗಿದ ಎಲೆಯ ಚಿತ್ರ ನೋಡಿ ಔಷಧ ಹೇಳುವುದು ರೋಗಿಯ ಅಂಗಿ ನೋಡಿ ಚೀಟಿ ಬರೆದಂತೆ.

ಹೆಸರಿನ ಹಿಂದಿನ ಕಥೆ

ಸಿಗಟೋಕ ಎಂಬುದು ಶಾಂತಸಾಗರದ ಫಿಜಿ ದ್ವೀಪದಲ್ಲಿ ಒಂದು ನದಿಯ ಮತ್ತು ಕಣಿವೆಯ ಹೆಸರು. ೧೯೦೨ರಲ್ಲಿ ಜಾವಾ ದ್ವೀಪದಿಂದ ಈ ರೋಗದ ಮೊದಲ ವರ್ಣನೆ ಬಂದಿತಾದರೂ, ೧೯೧೨ರಲ್ಲಿ ಸಿಗಟೋಕ ಕಣಿವೆಯ ತೋಟಗಳು ಹಾಳಾದಾಗಲೇ ಲೋಕ ಇದರತ್ತ ಕಣ್ಣು ತೆರೆಯಿತು. ೧೯೩೦ರ ದಶಕದಲ್ಲಿ ಅದು ವೆಸ್ಟಿಂಡೀಸನ್ನೂ ಮಧ್ಯ ಅಮೆರಿಕವನ್ನೂ ಮುಟ್ಟಿ, ಕೆಲವೇ ವರ್ಷಗಳಲ್ಲಿ ಅಲ್ಲಿಯ ದೊಡ್ಡ ತೋಟಗಳನ್ನೆಲ್ಲ ಆವರಿಸಿತು. ಅದು ಹಳದಿ ಸಿಗಟೋಕ. ೧೯೬೩ರಲ್ಲಿ ಅದೇ ಫಿಜಿಯಲ್ಲಿ ಅದಕ್ಕಿಂತ ಉಗ್ರವಾದ ಇನ್ನೊಂದು ಬಗೆ ಗೋಚರಿಸಿತು. ಅದರ ಗೀರುಗಳು ಎಲೆಯ ಕೆಳಮೈಯಲ್ಲಿ ಕಂದಾಗಿ ಹುಟ್ಟಿ ಬೇಗ ಕಪ್ಪಾಗುವುದರಿಂದ ಕರಿ ಸಿಗಟೋಕ ಎಂದು ಕರೆದರು. ೧೯೭೨ರಲ್ಲಿ ಅದು ಹೊಂಡುರಾಸ್ ದೇಶಕ್ಕೆ ಬಂದು, ಅಲ್ಲಿಂದ ಅಮೆರಿಕ ಖಂಡದ ಬಾಳೆಸೀಮೆಯನ್ನೆಲ್ಲ ವ್ಯಾಪಿಸಿತು. ಇವೆರಡನ್ನೂ ಹೋಲುವ ಮೂರನೆಯ ಶಿಲೀಂಧ್ರವೊಂದನ್ನು ವಿಜ್ಞಾನಿಗಳು ೨೦೦೦ದಲ್ಲಿ ಬೇರೆ ಜಾತಿಯೆಂದು ಹೆಸರಿಸಿದರು. ಅದು ದೊರೆತ ಸ್ಥಳಗಳಲ್ಲಿ ದಕ್ಷಿಣ ಭಾರತ, ಶ್ರೀಲಂಕಾ, ಥಾಯ್ಲೆಂಡುಗಳು ಸೇರಿವೆ. ಬರಿಗಣ್ಣಿಗೆ ಮೂರರ ಭೇದ ತಿಳಿಯುವುದು ಕಷ್ಟ. ಒಂದು ಸಮಾಧಾನವೆಂದರೆ ರೈತ ಮಾಡಬೇಕಾದ ಕೆಲಸ ಮೂರಕ್ಕೂ ಬಹುಮಟ್ಟಿಗೆ ಒಂದೇ.

ಬೂಷ್ಟಿನ ಸಂಚಾರ

ಮದ್ದು ಯಾವಾಗ ಹೊಡೆಯಬೇಕೆಂಬುದು ತಿಳಿಯಬೇಕಾದರೆ ಶತ್ರುವಿನ ದಿನಚರಿ ತಿಳಿಯಬೇಕು. ಈ ಬೂಷ್ಟು ಎರಡು ಬಗೆಯ ಬೀಜಕಣಗಳನ್ನು ಬಿಡುತ್ತದೆ. ಒಂದು ಇಬ್ಬನಿ ಮತ್ತು ಮಳೆಹನಿಯೊಡನೆ ಜಾರಿ ಅದೇ ಗಿಡದ, ಪಕ್ಕದ ಗಿಡದ ಎಲೆಗೆ ಬೀಳುತ್ತದೆ. ಇನ್ನೊಂದು ಒಣಗಿ ಸತ್ತ ಎಲೆಯೊಳಗೆ ತಯಾರಾಗಿ, ಆ ಎಲೆ ಮಳೆಗೆ ನೆನೆದೊಡನೆ ಚಿಮ್ಮಿ, ಗಾಳಿಯಲ್ಲಿ ದೂರದ ತೋಟಗಳಿಗೂ ಹಾರುತ್ತದೆ. ಒಣಗಿದ ಎಲೆಯಲ್ಲಿ ರೋಗವೂ ಸತ್ತಿರಬೇಕೆಂದು ಅನೇಕರು ನಂಬಿ ಅದನ್ನು ಗಿಡದಲ್ಲಿಯೇ ಜೋಲುಬಿಡುತ್ತಾರೆ. ನಿಜವಾಗಿ ಜೋಲುತ್ತಿರುವುದು ರೋಗದ ಬಿತ್ತನೆಯ ಚೀಲ.

ಬೀಜಕಣ ಸುಳಿಯ ಎಲೆಗೋ ಆಗತಾನೆ ಬಿಚ್ಚಿದ ಎಳೆಯ ಎಲೆಗೋ ಅಂಟುತ್ತದೆ. ಎಲೆಯ ಮೇಲೆ ನೀರಿನ ತೆಳುಪದರವಿದ್ದು, ಶಾಖ ೨೫ರಿಂದ ೨೮ ಸೆಂಟಿಗ್ರೇಡಿನಷ್ಟಿದ್ದರೆ ಅದಕ್ಕೆ ಹಬ್ಬ. ಮೊಳೆತು, ಎಲೆಯ ಉಸಿರುರಂಧ್ರಗಳ ಮೂಲಕ ಒಳಹೊಗುತ್ತದೆ. ಆದರೆ ಚುಕ್ಕೆ ಕಾಣಿಸುವುದು ಕೆಲವು ವಾರಗಳ ಮೇಲೆ. ಅಷ್ಟರಲ್ಲಿ ಗಿಡ ಮತ್ತೆ ಮೂರು ನಾಲ್ಕು ಎಲೆ ಬಿಟ್ಟಿರುತ್ತದೆ. ಕೆಟ್ಟ ಎಲೆ ಕೆಳಗೆ ಸರಿದಿರುತ್ತದೆ. ಆದುದರಿಂದ ರೋಗ ಕೆಳಗಿನ ಎಲೆಯಿಂದ ಶುರುವಾಯಿತೆಂದು ನೋಡುವವರಿಗೆ ತೋರುತ್ತದೆ. ವಾಸ್ತವದಲ್ಲಿ ಆ ಎಲೆಗೆ ರೋಗ ತಗುಲಿದ್ದು ಅದು ಮೇಲೆ ಸುಳಿಯಾಗಿದ್ದಾಗ. ಸಿಂಪರಣೆಯ ತುಂತುರು ಕೆಳಗಿನ ಒಣಎಲೆಗಲ್ಲ, ಮೇಲಿನ ಎಳೆಯ ಎಲೆಗಳ ಎರಡೂ ಮೈಗೆ ತಲುಪಬೇಕೆಂಬುದಕ್ಕೆ ಕಾರಣ ಇದು.

ಈ ರೋಗ ಗಿಡವನ್ನು ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಕಾಯಿಗೂ ನೇರವಾಗಿ ತಗಲುವುದಿಲ್ಲ. ಹಾನಿ ಬೇರೆ ದಾರಿಯಿಂದ ಬರುತ್ತದೆ. ಬಾಳೆ ಒಮ್ಮೆ ಹೂವು ಹಾಕಿತೆಂದರೆ ಆಮೇಲೆ ಹೊಸ ಎಲೆ ಬಿಡುವುದಿಲ್ಲ. ಆಗ ಇದ್ದಷ್ಟೇ ಎಲೆಗಳಿಂದ ಇಡೀ ಗೊನೆಯನ್ನು ಸಾಕಬೇಕು. ಹೂವು ಬರುವ ಹೊತ್ತಿಗೆ ಕನಿಷ್ಠ ಎಂಟು ಆರೋಗ್ಯವಂತ ಎಲೆಗಳಾದರೂ ಇರಬೇಕೆಂದು ಬಲ್ಲವರ ಲೆಕ್ಕ. ನಾಲ್ಕೈದೇ ಉಳಿದರೆ ಚಿಪ್ಪುಗಳು ತುಂಬದೆ ಕಾಯಿ ಕೋನೆಕೋನೆಯಾಗಿ ಉಳಿಯುತ್ತದೆ. ಅಷ್ಟೇ ಅಲ್ಲ, ಅಂಥ ಕಾಯಿ ಹೊತ್ತಿಗೆ ಮುಂಚೆ ಹಣ್ಣಾಗುತ್ತದೆ. ತೋಟದಲ್ಲಿ ಹಸಿರಾಗಿದ್ದ ಗೊನೆ ದೂರದ ಪೇಟೆಗೆ ಹೋಗುವ ಲಾರಿಯಲ್ಲಿಯೇ ಹಳದಿಯಾಗಿ, ಮೆತ್ತಗಾಗಿ, ಇಳಿಸುವ ಹೊತ್ತಿಗೆ ಕಾಸಿಗೂ ಕೇಳುವವರಿಲ್ಲದಂತಾಗುತ್ತದೆ.

ಮೈಲುತುತ್ತದಿಂದ ಎಣ್ಣೆಯವರೆಗೆ

ಮಲೆನಾಡಿನ ಅಡಿಕೆಯ ಮನೆತನದವರಿಗೆ ಬೋರ್ಡೋ ದ್ರಾವಣದ ಪರಿಚಯ ಹೇಳಬೇಕಾಗಿಲ್ಲ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರೈತರು ರಸ್ತೆಬದಿಯ ಬಳ್ಳಿಗೆ ಮೈಲುತುತ್ತ ಮತ್ತು ಸುಣ್ಣ ಎರಚುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ಬೂಷ್ಟು ರೋಗ ತಗಲದಿದ್ದುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಗಮನಿಸಿ ೧೮೮೫ರಲ್ಲಿ ಲೋಕಕ್ಕೆ ತಿಳಿಸಿದರು. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಅಡಿಕೆಯ ಕೊಳೆರೋಗಕ್ಕೆ ಈ ದ್ರಾವಣವನ್ನು ನಮ್ಮವರಿಗೆ ಕಲಿಸಿಕೊಟ್ಟರು.

ಇದೇ ದ್ರಾವಣವನ್ನು ೧೯೩೦ರ ದಶಕದ ನಡುವಿನಿಂದ ಮಧ್ಯ ಅಮೆರಿಕದ ಬಾಳೆಯ ತೋಟಗಳಲ್ಲಿ ಬಳಸತೊಡಗಿದರು. ತೋಟದುದ್ದಕ್ಕೂ ಕೊಳವೆ ಹಾಕಿ, ಆಳುಗಳು ರಬ್ಬರಿನ ನಳಿಕೆ ಎಳೆದುಕೊಂಡು ಗಿಡಗಿಡಕ್ಕೂ ಹೊಡೆಯುತ್ತಿದ್ದರು. ರೋಗ ಹತೋಟಿಗೆ ಬಂದಿತು. ಆದರೆ ಕೆಲಸಗಾರರ ಬಟ್ಟೆ, ಚರ್ಮ ಎಲ್ಲವೂ ನೀಲಿಹಸಿರಿಗೆ ತಿರುಗಿದವು. ಕೋಸ್ಟರಿಕದಲ್ಲಿ ಅವರಿಗೆ 'ಗಿಳಿಗಳು' ಎಂದೇ ಅಡ್ಡಹೆಸರು ಬಿದ್ದಿತು. ವರ್ಷಗಟ್ಟಲೆ ಸುರಿದ ತಾಮ್ರ ಮಣ್ಣಿನಲ್ಲಿ ಸೇರಿ, ಮುಂದೆ ಅಲ್ಲಿ ಬೇರೆ ಬೆಳೆ ಬರುವುದೂ ಕಷ್ಟವಾಯಿತು. ರೋಗ ಹೋಗಲೆಂದು ಹೊಡೆದ ಮದ್ದು ನೆಲಕ್ಕೂ ಮೈಗೂ ರೋಗವಾಗಿ ಕುಳಿತ ಈ ಸಂಗತಿಯನ್ನು ಮರೆಯಬಾರದು.

ಎಣ್ಣೆಯ ಗುಣ ತಿಳಿದದ್ದು ೧೯೫೦ರ ದಶಕದ ಆರಂಭದಲ್ಲಿ. ವೆಸ್ಟಿಂಡೀಸಿನ ಗ್ವಾಡಲೂಪ್ ದ್ವೀಪದಲ್ಲಿ ಗಿಯೋ ಮತ್ತು ಕ್ವಿಯೆ ಎಂಬ ಫ್ರೆಂಚ್ ವಿಜ್ಞಾನಿಗಳು ತಾಮ್ರದ ಔಷಧವನ್ನು ನೀರಿನ ಬದಲು ಖನಿಜ ತೈಲದಲ್ಲಿ ಬೆರಸಿ ಮಂಜಿನಂತೆ ಸಿಂಪಡಿಸುವ ಪ್ರಯೋಗ ನಡೆಸುತ್ತಿದ್ದರು. ಔಷಧವಿಲ್ಲದೆ ಬರಿಯ ಎಣ್ಣೆ ಹೊಡೆದ ಗಿಡಗಳಲ್ಲಿಯೂ ರೋಗ ತಗ್ಗಿದ್ದು ಅವರಿಗೆ ಕಂಡಿತು. ನೀರಿನ ಕೊಡಗಟ್ಟಲೆ ದ್ರಾವಣ ಹೋಗಿ ಎಕರೆಗೆ ಕೆಲವೇ ಲೀಟರು ಎಣ್ಣೆ ಸಾಕಾಯಿತು. ಕೊಳವೆಯ ಜಾಗಕ್ಕೆ ವಿಮಾನ ಬಂದಿತು.

ಎಣ್ಣೆ ಮಾಡುವ ಕೆಲಸ ಎರಡು. ಮೊದಲನೆಯದು, ಎಲೆಯೊಳಗೆ ಹೊಕ್ಕ ಬೂಷ್ಟಿನ ಬೆಳವಣಿಗೆಯನ್ನು ಅದು ನಿಧಾನಗೊಳಿಸುತ್ತದೆ. ಪೂರಾ ಕೊಲ್ಲದಿದ್ದರೂ ಗೀರು ಚುಕ್ಕೆಯಾಗುವುದನ್ನು ಮುಂದಕ್ಕೆ ತಳ್ಳುತ್ತದೆ. ಆ ಅವಧಿಯಲ್ಲಿ ಗೊನೆ ಬಲಿಯುತ್ತದೆ. ಎರಡನೆಯದನ್ನು ನಾವೆಲ್ಲರೂ ಪಂಕ್ತಿಯಲ್ಲಿ ಕುಳಿತಾಗ ಕಂಡಿದ್ದೇವೆ. ಬಡಿಸುವ ಮೊದಲು ಎಲೆಗೆ ನೀರು ಚಿಮುಕಿಸಿದರೆ ಹನಿಗಳು ಮುತ್ತಿನಂತೆ ಉರುಳಿಹೋಗುತ್ತವೆ. ಎಲೆಯ ಮೇಣದ ಹೊದಿಕೆ ನೀರನ್ನು ನಿಲ್ಲಗೊಡದು. ನೀರಿನಲ್ಲಿ ಬೆರಸಿದ ಔಷಧದ ಗತಿಯೂ ಅದೇ. ಎಣ್ಣೆ ಬೆರೆತರೆ ಔಷಧ ತೆಳುವಾಗಿ ಹರಡಿ, ಒಳಗಿಳಿದು, ಮಳೆಗೂ ಬೇಗ ತೊಳೆದುಹೋಗದೆ ನಿಲ್ಲುತ್ತದೆ.

ಆದರೆ ಎಣ್ಣೆ ಅತಿಯಾಗಕೂಡದು. ಎಲೆಯ ಉಸಿರುರಂಧ್ರಗಳನ್ನು ಅದು ಮುಚ್ಚುತ್ತದೆ. ನೀರುಕುಡಿದಂಥ ಕಲೆಗಳೆದ್ದು, ಅಡಿಗೆಯ ವೇಗವೇ ತಗ್ಗಿ, ಗೊನೆಯ ತೂಕ ಇಳಿಯುತ್ತದೆ. ಉರಿಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುವುದೂ ಉಂಟು. ಇಲ್ಲಿ ಹೇಳಿದ್ದು ಬೆಳೆಗಾಗಿಯೇ ಶುದ್ಧಮಾಡಿ ಮಾರುವ ಸಿಂಪರಣಾ ತೈಲ. ಸೀಮೆಎಣ್ಣೆ, ಡೀಸೆಲ್, ಯಂತ್ರದಿಂದ ಸೋಸಿದ ಕರಿ ಎಣ್ಣೆಗಳನ್ನು ಯಾರಾದರೂ ಹೇಳಿದರೆಂದು ಗಿಡಕ್ಕೆ ಹೊಡೆಯಲೇಬಾರದು.

ಹೊಸ ಔಷಧಗಳು, ಹಳೆಯ ಪಾಠ

೧೯೭೦ರ ದಶಕದಲ್ಲಿ ಗಿಡದೊಳಗೆ ಹೊಕ್ಕು ಕೆಲಸಮಾಡುವ ಅಂತರ್ವ್ಯಾಪಿ ಔಷಧಗಳು ಬಂದವು. ಮೊದಲು ಬಂದ ಬೆನೊಮಿಲ್ ಅದ್ಭುತವೆನಿಸಿತು. ಕೆಲವೇ ವರ್ಷಗಳಲ್ಲಿ ಬೂಷ್ಟು ಅದಕ್ಕೆ ಒಗ್ಗಿಹೋಯಿತು. ೧೯೮೦ರ ದಶಕದಲ್ಲಿ ಪ್ರೊಪಿಕೊನಜೋಲ್ ಬಂದಿತು. ಅದರ ಬಲವೂ ಕಾಲಕ್ರಮದಲ್ಲಿ ಕುಗ್ಗಿತು. ೧೯೯೦ರ ದಶಕದ ಕೊನೆಗೆ ಬಂದ ಅಜಾಕ್ಸಿಸ್ಟ್ರೊಬಿನ್‌ಗೂ ಇದೇ ಗತಿ. ಇಂಥ ಔಷಧ ಬೂಷ್ಟಿನ ದೇಹದಲ್ಲಿ ಒಂದೇ ಒಂದು ಜಾಗಕ್ಕೆ ಪೆಟ್ಟುಕೊಡುತ್ತದೆ. ಅದು ಒಂದು ಬೀಗಕ್ಕೆ ಒಂದು ಕೀಲಿ ಇದ್ದಂತೆ. ಲಕ್ಷಾಂತರ ಬೀಜಕಣಗಳಲ್ಲಿ ಬೀಗದ ಅಚ್ಚು ಸ್ವಲ್ಪ ಬದಲಾದ ಕೆಲವು ಇದ್ದರೆ ಅವು ಉಳಿಯುತ್ತವೆ. ಅದೇ ಕೀಲಿಯನ್ನು ಮತ್ತೆಮತ್ತೆ ತಿರುಗಿಸಿದರೆ ಮುಂದಿನ ಸಂತತಿಯೆಲ್ಲ ಅವುಗಳದೇ ಆಗುತ್ತದೆ. ತಾಮ್ರ, ಮ್ಯಾಂಕೊಜೆಬ್‌ಗಳು ಹಾಗಲ್ಲ. ಎಲೆಯ ಹೊರಗೇ ನಿಂತು, ಮೊಳೆಯುವ ಕಣವನ್ನು ಹಲವು ಕಡೆ ಏಕಕಾಲಕ್ಕೆ ಹೊಡೆಯುವುದರಿಂದ ಬೂಷ್ಟು ಅವಕ್ಕೆ ಒಗ್ಗುವುದು ಅಪರೂಪ. ಆದರೆ ಒಳಹೊಕ್ಕ ರೋಗವನ್ನು ಅವು ಮುಟ್ಟಲಾರವು.

ಕೋಸ್ಟರಿಕದ ರಫ್ತು ತೋಟಗಳಲ್ಲಿ ಈಗ ವರ್ಷಕ್ಕೆ ನಲವತ್ತಕ್ಕೂ ಹೆಚ್ಚು ಸಲ ಸಿಂಪಡಿಸಬೇಕಾಗಿ ಬಂದಿದೆ. ಇತ್ತ ಔಷಧಗಳ ಅಪಾಯದ ಅರಿವೂ ಬೆಳೆದಿದೆ. ಬೆನೊಮಿಲನ್ನು ಭಾರತ ಸರ್ಕಾರ ೨೦೧೮ರ ಆದೇಶದಿಂದ ನಿಷೇಧಿಸಿತು. ಐರೋಪ್ಯ ಒಕ್ಕೂಟ ತನ್ನ ನೆಲದಲ್ಲಿ ಪ್ರೊಪಿಕೊನಜೋಲ್, ಕ್ಲೋರೊಥಲೊನಿಲ್, ಮ್ಯಾಂಕೊಜೆಬ್‌ಗಳ ಅನುಮತಿಯನ್ನು ೨೦೧೮ರಿಂದ ೨೦೨೦ರೊಳಗೆ ಒಂದೊಂದಾಗಿ ನವೀಕರಿಸದೆ ಬಿಟ್ಟಿತು.

ಈ ಪಾಠ ಎಷ್ಟು ಹತ್ತಿರದ್ದೆಂಬುದಕ್ಕೆ ಒಂದು ನಿದರ್ಶನ. ಗುಂಡ್ಲುಪೇಟೆಯ ಕಡೆ ಒಂದೂವರೆ ಎಕರೆ ಪಚ್ಚಬಾಳೆ ಇಟ್ಟಿರುವ ನಮ್ಮ ತಮ್ಮ ಒಂದು ಮಳೆಗಾಲದಲ್ಲಿ ದೂರವಾಣಿ ಮಾಡಿ, "ಅಣ್ಣಾ, ನಾಕು ತರದ ಔಸ್ದಿ ಹೊಡ್ದಿವ್ನಿ, ಎಲೆ ಒಣಗೋದು ಮಾತ್ರ ನಿಲ್ಲಾಕಿಲ್ಲ" ಎಂದು ಅಲವತ್ತುಕೊಂಡ. ನಾಲ್ಕೂ ಸೀಸೆಗಳನ್ನು ಸಾಲಾಗಿಟ್ಟು ಚೀಟಿಯ ಚಿತ್ರ ಕಳಿಸಲು ಹೇಳಿದೆವು. ಕಚೇರಿಯಲ್ಲಿ ಕಡತದ ಸಣ್ಣ ಅಕ್ಷರ ಓದುವುದೇ ನಮ್ಮ ಹೊಟ್ಟೆಪಾಡಾದ್ದರಿಂದ ಸೀಸೆಯ ಸಣ್ಣ ಅಕ್ಷರ ಓದುವುದೇನೂ ಕಷ್ಟವಾಗಲಿಲ್ಲ. ಮೊದಲ ಎರಡು ಸೀಸೆಗಳ ಹೆಸರು, ಬಣ್ಣ, ಬೆಲೆ ಬೇರೆ. ಒಳಗಿದ್ದದ್ದು ಒಂದೇ ಪ್ರೊಪಿಕೊನಜೋಲ್. ಮೂರನೆಯದರಲ್ಲಿ ಟೆಬುಕೊನಜೋಲ್, ಹೆಸರು ಬೇರೆಯಾದರೂ ಅದೇ ಗುಂಪಿನದು. ನಾಲ್ಕನೆಯದು ಗಿಡಕ್ಕೆ ಶಕ್ತಿ ಕೊಡುವ ಟಾನಿಕ್ ಎಂದಿತ್ತು; ಒಳಗೇನಿದೆಯೆಂದು ಎಲ್ಲಿಯೂ ಬರೆದಿರಲಿಲ್ಲ. ನಾಲ್ಕು ಸೀಸೆಯ ದುಡ್ಡು ಕೊಟ್ಟು ಅವನು ತಂದದ್ದು ಒಂದೇ ಕೀಲಿ. ಅಂಗಡಿಯವರನ್ನು ಬೈದು ಫಲವಿಲ್ಲವಷ್ಟೆ. ಅವನು ಆಮೇಲೆ ಒಣಎಲೆ ಕತ್ತರಿಸಿ ತೆಗೆಸಿದ, ಕಾಲುವೆ ಬಿಡಿಸಿದ, ಬೇರೆ ಗುಂಪಿನ ಔಷಧಕ್ಕೆ ಬದಲಾಯಿಸಿದ. ಆ ಸಲದ ಗೊನೆಗೆ ಹೆಚ್ಚು ಉಪಕಾರವಾಗಲಿಲ್ಲ. ಹೂವು ಬಂದು ಹೋಗಿತ್ತು. ಕೂಳೆ ಬೆಳೆ ಮಾತ್ರ ಚೆನ್ನಾಗಿ ಬಂದಿತು.

ಗಿಡಮೂಲದ ಎಣ್ಣೆಗಳು

ಬೇವಿನ ಎಣ್ಣೆಯಿಂದ ಆಗದೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಇದಕ್ಕೆ ಆಗುತ್ತದೆಂದೂ ಆಗುವುದಿಲ್ಲವೆಂದೂ ಒಂದೇ ಮಾತಿನಲ್ಲಿ ಹೇಳಲಾಗದು. ಎಣ್ಣೆಯಾಗಿ ಹರಡುವ, ಅಂಟುವ ಗುಣ ಬೇವಿನ ಎಣ್ಣೆಗೂ ಉಂಟು. ಜೊತೆಗೆ ಬೂಷ್ಟನ್ನು ಕುಗ್ಗಿಸುವ ಅಂಶಗಳೂ ಅದರಲ್ಲಿವೆ. ಖನಿಜ ತೈಲದ ಬದಲು ಸೋಯಾ ಮೊದಲಾದ ಸಸ್ಯತೈಲಗಳನ್ನು ಔಷಧದೊಡನೆ ಬೆರಸಿ ನೋಡಿದ ಪ್ರಯೋಗಗಳೂ ನಡೆದಿವೆ. ಆಸ್ಟ್ರೇಲಿಯ ಮೂಲದ ಟೀ ಟ್ರೀ ಎಂಬ ಗಿಡದ ಎಣ್ಣೆಯಿಂದ ತಯಾರಿಸಿದ ಔಷಧವನ್ನು ಲ್ಯಾಟಿನ್ ಅಮೆರಿಕದ ಬಾಳೆತೋಟಗಳಲ್ಲಿ ಕರಿ ಸಿಗಟೋಕಕ್ಕೆ ಬಳಸುತ್ತಾರೆ. ಅದು ಬೂಷ್ಟಿನ ಜೀವಕೋಶದ ಹೊರಪೊರೆಯನ್ನೇ ಹಾಳುಮಾಡುವುದರಿಂದ, ಇತರ ಔಷಧಗಳ ನಡುನಡುವೆ ಬದಲಿಯಾಗಿ ಹೊಡೆಯಲು ಅನುಕೂಲ. ಲವಂಗ, ದಾಲ್ಚಿನ್ನಿಗಳ ಎಣ್ಣೆಯೂ ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಬೂಷ್ಟುಗಳನ್ನು ತಡೆಯುತ್ತದೆ.

ಆದರೆ ಗಾಜಿನ ತಟ್ಟೆಗೂ ಜುಲೈ ತಿಂಗಳ ತೋಟಕ್ಕೂ ಬಹಳ ಅಂತರ. ಸುವಾಸನೆಯ ಎಣ್ಣೆಗಳು ಬಿಸಿಲಿಗೆ ಆರಿಹೋಗುತ್ತವೆ. ಬೇವಿನ ಸಾರ ಬೆಳಕಿಗೆ ಬೇಗ ಕೆಡುತ್ತದೆ. ಆದುದರಿಂದ ಗಿಡದೆಣ್ಣೆಯನ್ನು ರೋಗ ತುಂಬಿದ ಮೇಲಲ್ಲ, ಮಳೆಗಾಲದ ಆರಂಭದಲ್ಲಿ ಮುನ್ನೆಚ್ಚರಿಕೆಯಾಗಿ ಹೊಡೆಯಬೇಕು, ಪದೇಪದೇ ಹೊಡೆಯಬೇಕು, ಒಣಎಲೆ ತೆಗೆಯುವುದರೊಂದಿಗೆ ಹೊಡೆಯಬೇಕು. ಹಿತ್ತಲಲ್ಲೋ ಸೊಸೈಟಿಯ ಅಂಗಳದಲ್ಲೋ ಎರಡು ಮೂರು ಗಿಡ ಇಟ್ಟುಕೊಂಡ ನಮ್ಮ ನಗರದ ಕುಟುಂಬಗಳಿಗೆ ಇದೇ ಸಾಕು. ಒಂದು ಲೀಟರು ನೀರಿಗೆ ೫ರಿಂದ ೧೦ ಮಿಲಿಲೀಟರು ಬೇವಿನ ಎಣ್ಣೆ. ಎಣ್ಣೆಯೂ ನೀರೂ ತಾವಾಗಿ ಬೆರೆಯವು. ಎಣ್ಣೆಗೆ ಮೊದಲು ಸ್ವಲ್ಪ ಸಾಬೂನಿನ ದ್ರಾವಣ ಹಾಕಿ ಕಲಕಿ, ಆಮೇಲೆ ನೀರು ಸೇರಿಸಿದರೆ ಹಾಲಿನಂತಾಗುತ್ತದೆ. ಮೊದಲು ಒಂದೇ ಎಲೆಗೆ ಹೊಡೆದು ಎರಡು ದಿನ ನೋಡಿ, ಸುಡದಿದ್ದರೆ ಸಂಜೆಯ ತಂಪಿನಲ್ಲಿ ಉಳಿದದ್ದಕ್ಕೆ ಹೊಡೆಯಬಹುದು. ಊಟಕ್ಕೆ ಕೊಯ್ಯುವ ಎಲೆಯಾದರೆ ರಾಸಾಯನಿಕ ಔಷಧದ ಹತ್ತಿರವೇ ಹೋಗಬಾರದೆಂದು ಬೇರೆ ಹೇಳಬೇಕೆ?

ತೋಟದಲ್ಲಿ ಮಾಡಬೇಕಾದ್ದು

ಔಷಧಕ್ಕಿಂತ ಮೊದಲು ಕತ್ತಿ. ವಾರಕ್ಕೊಮ್ಮೆ ತೋಟ ಸುತ್ತಿ ಚುಕ್ಕೆ ಹಿಡಿದ ಭಾಗವನ್ನಷ್ಟೇ ಕತ್ತರಿಸಿ, ಹಸಿರು ಭಾಗವನ್ನು ಗಿಡಕ್ಕೇ ಬಿಡಬೇಕು. ಪೂರಾ ಒಣಗಿದ್ದನ್ನು ತೆಗೆಯಬೇಕು. ತೆಗೆದದ್ದನ್ನು ತೋಟದ ಹೊರಗೆ ಹೂಳಬೇಕು. ಅದು ಸಾಧ್ಯವಾಗದಿದ್ದರೆ ಒಂದೆಡೆ ಕೆಳಮೈ ನೆಲಕ್ಕೆ ತಾಗುವಂತೆ ಒಂದರ ಮೇಲೊಂದು ಅಡಕಬೇಕು. ಹಾಗೆ ಮಾಡಿದರೆ ಬೀಜಕಣ ಗಾಳಿಗೆ ಚಿಮ್ಮುವುದು ತಗ್ಗುತ್ತದೆ. ನೀರು ನಿಲ್ಲದಂತೆ ಕಾಲುವೆ ಬಿಡಿಸಬೇಕು. ಎಲೆ ನೆನೆಯುವಂತೆ ಮೇಲಿನಿಂದ ನೀರು ಹಾರಿಸುವುದಕ್ಕಿಂತ ಬುಡಕ್ಕೆ ಹನಿಸುವುದು ಲೇಸು. ಗಾಳಿ ಆಡುವಂತೆ ಅಂತರ ಬಿಡಬೇಕು. ಆರಡಿಗೆ ಆರಡಿಯಾದರೆ ಎಕರೆಗೆ ೧೨೧೦ ಗಿಡ ಹಿಡಿಯುತ್ತದೆ. ಆಸೆಗೆ ಬಿದ್ದು ಅದಕ್ಕಿಂತ ಒತ್ತಾಗಿಟ್ಟರೆ ಎಲೆಯ ಇಬ್ಬನಿ ಮಧ್ಯಾಹ್ನವಾದರೂ ಆರದು. ಬೇಡದ ಕಂದುಗಳನ್ನು ಆಗಾಗ ತೆಗೆಸಬೇಕು. ತಳಿಯ ಮಾತೂ ಉಂಟು. ಪಚ್ಚಬಾಳೆ, ಗ್ರಾಂಡ್ ನೈನ್ ಮೊದಲಾದ ಕ್ಯಾವೆಂಡಿಶ್ ಗುಂಪಿನವು ಈ ರೋಗಕ್ಕೆ ಬೇಗ ಬಲಿಯಾಗುತ್ತವೆ. ಕರ್ಪೂರವಳ್ಳಿಯಂಥವು ತಕ್ಕಮಟ್ಟಿಗೆ ತಡೆದುಕೊಳ್ಳುತ್ತವೆ.

ಇಷ್ಟಾದರೂ ಮಳೆಗಾಲದಲ್ಲಿ ಮೊದಲ ಗೀರುಗಳು ಕಂಡರೆ ಔಷಧ ಬೇಕು. ನಮ್ಮ ದೇಶದ ಬಾಳೆ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಹೇಳುವ ಪ್ರಮಾಣ ಇದು: ಹತ್ತು ಲೀಟರು ನೀರಿಗೆ ಪ್ರೊಪಿಕೊನಜೋಲ್ ೧೦ ಮಿಲಿಲೀಟರು, ಅಥವಾ ಕಾರ್ಬೆಂಡೆಜಿಮ್ ೧೦ ಗ್ರಾಂ, ಅಥವಾ ಮ್ಯಾಂಕೊಜೆಬ್ ೨೫ ಗ್ರಾಂ. ಪ್ರೊಪಿಕೊನಜೋಲಿನೊಡನೆ ಸಿಂಪರಣಾ ತೈಲ ಬೆರಸುವುದಾದರೆ ಹತ್ತು ಲೀಟರಿಗೆ ೧೦೦ ಮಿಲಿಲೀಟರು, ಎಂದರೆ ನೂರಕ್ಕೆ ಒಂದು ಪಾಲು. ಎಣ್ಣೆ ಬೆರಸದಿದ್ದರೆ ಅಂಟುದ್ರಾವಣವನ್ನಾದರೂ ಹಾಕಬೇಕು. ಇಪ್ಪತ್ತೈದು ಮೂವತ್ತು ದಿನಕ್ಕೊಮ್ಮೆ, ಪ್ರತಿಸಲವೂ ಗುಂಪು ಬದಲಾಯಿಸುತ್ತ ಹೊಡೆಯಬೇಕು. ಕ್ಲೋರೊಥಲೊನಿಲ್ ಎಂಬ ಔಷಧಕ್ಕೆ ಮಾತ್ರ ಎಣ್ಣೆ ಬೆರಸಕೂಡದು, ಎಲೆ ಸುಟ್ಟುಹೋಗುತ್ತದೆ. ಅನುಮತಿ, ಪ್ರಮಾಣಗಳು ಕಾಲಕಾಲಕ್ಕೆ ಬದಲಾಗುವುದರಿಂದ ಸೀಸೆಯೊಡನೆ ಬರುವ ಚೀಟಿಯೇ ಕೊನೆಯ ಮಾತು.

ಬೋರ್ಡೋ ಬಳಸುವವರು ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ತೆಗೆದುಕೊಂಡು, ಲೋಹವಲ್ಲದ ಪಾತ್ರೆಗಳಲ್ಲಿ ಬೇರೆಬೇರೆಯಾಗಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಹೊಳೆಯುವ ಕಬ್ಬಿಣದ ಚಾಕುವನ್ನು ಅದ್ದಿದಾಗ ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ಆ ದಿನದ್ದನ್ನು ಆ ದಿನವೇ ಮುಗಿಸಬೇಕು.

ಸಿಂಪಡಿಸುವವರ ಮೈ

ಬಾಳೆಯ ಎಲೆ ತಲೆಯ ಮೇಲಿರುವುದರಿಂದ ಹೊಡೆದ ಔಷಧ ತಿರುಗಿ ಹೊಡೆದವರ ಮುಖಕ್ಕೇ ಬೀಳುತ್ತದೆ. ಬೆನ್ನಿಗೆ ಡಬ್ಬಿ ಕಟ್ಟಿಕೊಂಡು, ಬನೀನು ಲುಂಗಿಯಲ್ಲಿ, ಬರಿಗಾಲಿನಲ್ಲಿ ಸಾಲಿನಿಂದ ಸಾಲಿಗೆ ನಡೆಯುವ ಆಳು ನಮ್ಮ ಊರುಗಳಲ್ಲಿ ದಿನನಿತ್ಯದ ನೋಟ. ಅದು ಅನೇಕವೇಳೆ ನಮ್ಮ ತಮ್ಮಂದಿರೇ. ತುಂಬುತೋಳಿನ ಅಂಗಿ, ಕೈಗವಸು, ಮುಖವಸ್ತ್ರ, ಕನ್ನಡಕ, ಬೂಟು ಇವಕ್ಕೆ ತಗಲುವ ಹಣ ಒಂದು ಸೀಸೆ ಔಷಧದ ಲೆಕ್ಕದ್ದು. ಗಾಳಿಗೆ ಎದುರಾಗಿ ಹೊಡೆಯಬಾರದು; ನಡುವೆ ಬೀಡಿ, ಎಲೆಅಡಿಕೆ ಸಲ್ಲದು. ಔಷಧ ಕಲಕಿದ ಕೊಡ ಮತ್ತೆ ಮನೆಯೊಳಗೆ ಹೋಗಕೂಡದು. ಹಾಕಿ ಬಂದ ಬಟ್ಟೆಯನ್ನು ಉಳಿದ ಬಟ್ಟೆಗಳೊಡನೆ ಮನೆಯ ಹೆಂಗಸರ ಕೈಗೆ ಒಗೆಯಲು ಕೊಡುವುದೂ ತಪ್ಪು.

ಸೀಸೆಯ ಮೇಲೆ ವಜ್ರಾಕಾರದ ಬಣ್ಣದ ಗುರುತೊಂದಿರುತ್ತದೆ. ಕೆಂಪು ಅತ್ಯುಗ್ರ ವಿಷ. ಹಳದಿ, ನೀಲಿ, ಹಸಿರು ಎಂದು ಉಗ್ರತೆ ಇಳಿಯುತ್ತ ಹೋಗುತ್ತದೆ. ಹಸಿರೆಂದರೆ ನಿರಪಾಯವೆಂದು ಅರ್ಥವಲ್ಲ. ಕೊನೆಯ ಸಿಂಪರಣೆಗೂ ಕೊಯ್ಲಿಗೂ ಎಷ್ಟು ದಿನ ಅಂತರವಿರಬೇಕೆಂಬುದನ್ನೂ ಚೀಟಿಯಲ್ಲಿ ಬರೆದಿರುತ್ತಾರೆ. ಅದನ್ನು ಪಾಲಿಸದ ಗೊನೆ ಕಡೆಗೆ ಬಂದು ಸೇರುವುದು ನಮ್ಮಂಥವರ ಮನೆಯ ಮಕ್ಕಳ ಕೈಗೆ.

ದೂರದಲ್ಲಿರುವವರು ಏನು ಮಾಡಬಹುದು

ಪ್ರತಿ ಹೋಬಳಿಯಲ್ಲಿಯೂ ರೈತ ಸಂಪರ್ಕ ಕೇಂದ್ರವಿದೆ; ಜಿಲ್ಲೆಗಳಲ್ಲಿ ಕೃಷಿ ವಿಜ್ಞಾನ ಕೇಂದ್ರಗಳೂ ತಾಲ್ಲೂಕುಗಳಲ್ಲಿ ತೋಟಗಾರಿಕೆ ಇಲಾಖೆಯ ಕಚೇರಿಗಳೂ ಇವೆ. ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ ಬಾಳೆಗಾಗಿಯೇ ೧೯೯೩ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ. ಕಿಸಾನ್ ಕಾಲ್ ಸೆಂಟರಿನ ೧೮೦೦-೧೮೦-೧೫೫೧ ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಉತ್ತರ ದೊರೆಯುತ್ತದೆ, ಕರೆಗೆ ಖರ್ಚಿಲ್ಲ. ಇವನ್ನು ಊರಿನವರಿಗೆ ತಿಳಿಸುವುದು ನಮ್ಮ ಮೊದಲ ಕೆಲಸ. ಸೀಸೆಯ ಸಣ್ಣ ಅಕ್ಷರವನ್ನು ಓದಿ, ಒಳಗಿರುವುದೇನು, ಯಾವ ಗುಂಪಿನದು, ಕೊಯ್ಲಿಗೆ ಎಷ್ಟು ದಿನದ ಅಂತರ ಎಂದು ಕನ್ನಡದಲ್ಲಿ ಬಿಡಿಸಿ ಹೇಳುವುದು ಎರಡನೆಯದು; ಕಾಲೇಜಿಗೆ ಹೋಗುವ ನಮ್ಮ ಮಕ್ಕಳಿಗೂ ಈ ಕೆಲಸ ಒಪ್ಪಿಸಬಹುದು. ಮೂರನೆಯದು, ಹಣ ಕಳಿಸುವಾಗ ಕೈಗವಸು ಬೂಟುಗಳಿಗೆಂದು ಒಂದಿಷ್ಟನ್ನು ಹೆಸರಿಟ್ಟು ಕಳಿಸುವುದು. ಹೆಸರಿಡದ ಹಣ ಗೊಬ್ಬರಕ್ಕೇ ಹೋಗಿಬಿಡುತ್ತದೆ.

ಮುಂಗಾರು ಬಿದ್ದ ಮೇಲೆ ಔಷಧದ ಅಂಗಡಿಗೆ ಓಡುವುದಕ್ಕಿಂತ, ಮೇ ತಿಂಗಳಿನಲ್ಲಿಯೇ ಒಣಎಲೆ ತೆಗೆಸಿ ಕಾಲುವೆ ಬಿಡಿಸಿದರೆ ಅರ್ಧ ಕೆಲಸ ಮುಗಿದಂತೆ. ಬೇಸಗೆಯ ರಜೆಗೆ ಊರಿಗೆ ಹೋಗುವ ಸಂಘದ ಬಂಧುಗಳು ತೋಟದಲ್ಲಿ ಒಂದು ಸುತ್ತು ಹಾಕಿ, ಹೂವು ಬಿಡಲಿರುವ ಗಿಡದಲ್ಲಿ ಎಷ್ಟು ಹಸಿರೆಲೆಗಳಿವೆ ಎಂದು ಎಣಿಸಿ ನೋಡಲಿ. ಎಂಟಕ್ಕೆ ಕಡಿಮೆಯಿದ್ದರೆ ಅಂದೇ ಮನೆಯವರೊಡನೆ ಕುಳಿತು ಮಾತನಾಡುವುದು ಒಳ್ಳೆಯದು.